‘ಸಿ’ ಎಂದರೆ ಷಡ್ಜವೋ ನಿಷಾದವೋ? ಬೇರೆ ಬೇರೆ ಭಾಷೆಗಳ ಸ್ವರದ ಹೆಸರುಗಳನ್ನು ಓದುವ ಬಗೆ

ಓದುಗರು ಪದೇ ಪದೇ ಕೇಳುವ ಪ್ರಶ್ನೆ ಒಂದೇ, ಅದರ ವೇಷ ಮಾತ್ರ ಬೇರೆ ಬೇರೆ. ಜರ್ಮನ್ ನೊಟೇಶನ್‌ನಲ್ಲಿ ‘ಎಚ್’ ಎಂಬ ಸ್ವರ ಇದೆ, ಅದು ಕೀಬೋರ್ಡಿನಲ್ಲಿ ಎಲ್ಲಿದೆ? ರಷ್ಯನ್ ಹಾಳೆಯ ‘ಸಿ ಬೆಮೋಲ್’ ಅಂದರೆ ಸಿ ಫ್ಲ್ಯಾಟೇ? ಫ್ರೆಂಚ್ ಪಾಠದಲ್ಲಿ ‘ಫಾ’ ಅಂದರು, ನಾನು ಪಂಚಮ ನುಡಿಸಿದೆ, ಅದು ತಪ್ಪು ಎಂದರು, ಯಾಕೆ?

ಇವೆಲ್ಲ ಹುಟ್ಟುವುದು ಒಂದೇ ಅಭ್ಯಾಸದಿಂದ. ಒಂದು ಭಾಷೆಯ ಹೆಸರನ್ನು ಇನ್ನೊಂದು ಭಾಷೆಯ ಹೆಸರಿಗೆ ನೇರವಾಗಿ ಜೋಡಿಸಲು ಹೊರಡುತ್ತೇವೆ, ಕಿವಿಗೆ ಹತ್ತಿರ ಕೇಳಿಸಿದ್ದನ್ನು ಹಿಡಿದುಕೊಳ್ಳುತ್ತೇವೆ. ಹಾಗೆ ಮಾಡಬೇಡಿ. ಹೆಸರನ್ನು ಮೊದಲು ಕೀಬೋರ್ಡಿನ ಒಂದು ಸ್ಥಾನಕ್ಕೆ ತನ್ನಿ, ಆಮೇಲೆ ಆ ಸ್ಥಾನದಿಂದ ನಿಮಗೆ ಬೇಕಾದ ಹೆಸರಿಗೆ ಹೋಗಿ. ಈ ಲೇಖನದ ಎಲ್ಲ ಹಂತಗಳೂ ಇದೊಂದರ ಮೇಲೆಯೇ ನಿಂತಿವೆ.

ಬೇಕಾಗುವುದು ಹೆಚ್ಚೇನಿಲ್ಲ. ಒಂದು ಕೀಬೋರ್ಡ್ ಅಥವಾ ಹಾರ್ಮೋನಿಯಂ (ಫೋನಿನ ಪಿಯಾನೊ ಆ್ಯಪ್ ಆದರೂ ಸಾಕು), ಒಂದು ಹಾಳೆ, ಒಂದು ಪೆನ್ಸಿಲ್.

ಹಂತ 1: ಹನ್ನೆರಡು ಸ್ಥಾನಗಳಿಗೆ ನಂಬರು ಹಾಕಿ

ಕಪ್ಪು ಮನೆಗಳನ್ನು ನೋಡಿ. ಎರಡರದ್ದೊಂದು ಗುಂಪು, ಮೂರರದ್ದೊಂದು ಗುಂಪು, ಹೀಗೇ ಸಾಗುತ್ತವೆ. ಎರಡರ ಗುಂಪಿನ ಎಡಕ್ಕೆ ಅಂಟಿಕೊಂಡಿರುವ ಬಿಳಿ ಮನೆಯೇ ನಮ್ಮ ಸ್ಥಾನ 1. ಅಲ್ಲಿಂದ ಬಲಕ್ಕೆ ಕಪ್ಪು, ಬಿಳಿ ಯಾವುದನ್ನೂ ಬಿಡದೆ ಎಣಿಸುತ್ತ ಹೋಗಿ. 12ಕ್ಕೆ ಒಂದು ಸ್ಥಾಯಿ ಮುಗಿಯುತ್ತದೆ, ಮುಂದಿನದು ಮತ್ತೆ 1.

ಬಿಳಿ ಮನೆಗಳಿಗೆ ಬರುವ ನಂಬರುಗಳು 1, 3, 5, 6, 8, 10, 12. ಕಪ್ಪಿಗೆ ಬರುವುದು 2, 4, 7, 9, 11. ಇದನ್ನು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಕೊನೆಯವರೆಗೂ ಬೇಕಾಗುತ್ತದೆ.

ಎಚ್ಚರಿಕೆ: ಹಾರ್ಮೋನಿಯಂ ಬಳಸುವವರು ‘ಕಪ್ಪು ಎರಡು’, ‘ಬಿಳಿ ನಾಲ್ಕು’ ಎಂದು ಶ್ರುತಿ ಹೇಳುವಾಗ ಎಣಿಕೆಯೇ ಬೇರೆ. ಅಲ್ಲಿ ಕಪ್ಪನ್ನು ಬೇರೆ, ಬಿಳಿಯನ್ನು ಬೇರೆ ಎಣಿಸುತ್ತಾರೆ. ಕಪ್ಪು ಎರಡು ನಮ್ಮ ಸ್ಥಾನ 4, ಬಿಳಿ ನಾಲ್ಕು ನಮ್ಮ ಸ್ಥಾನ 6.

ಹಂತ 2: ನಿಮ್ಮ ಮುಂದಿರುವುದು ಅಕ್ಷರವೋ, ಪದಾಂಶವೋ ಗುರುತಿಸಿ

ಯುರೋಪಿನ ಹೆಸರುಗಳಲ್ಲಿ ಎರಡು ದೊಡ್ಡ ಕುಟುಂಬಗಳಿವೆ. ಮೊದಲನೆಯದು ಅಕ್ಷರಗಳದ್ದು. ಇಂಗ್ಲಿಷಿನಲ್ಲಿ ಸಿ 1, ಡಿ 3, ಇ 5, ಎಫ್ 6, ಜಿ 8, ಎ 10, ಬಿ 12. ಎರಡನೆಯದು ಪದಾಂಶಗಳದ್ದು: ದೋ 1, ರೇ 3, ಮಿ 5, ಫಾ 6, ಸೋಲ್ 8, ಲಾ 10, ಸೀ 12. ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್, ಪೋರ್ಚುಗೀಸ್, ರೊಮೇನಿಯನ್, ರಷ್ಯನ್, ಗ್ರೀಕ್, ಟರ್ಕಿಶ್ ಎಲ್ಲವೂ ಈ ಎರಡನೆಯ ಕುಟುಂಬವನ್ನು ಬಳಸುತ್ತವೆ. ಉಚ್ಚಾರದಲ್ಲಿ ಸಣ್ಣಪುಟ್ಟ ವ್ಯತ್ಯಾಸ ಮಾತ್ರ.

ಕನ್ನಡದಲ್ಲಿ ಓದಿ ಬರೆಯುವ ನಮಗೆ ಇಲ್ಲೇ ಮೊದಲ ಗುಂಡಿ. ಇಂಗ್ಲಿಷ್ ಅಕ್ಷರ ‘ಸಿ’ಯನ್ನೂ ಫ್ರೆಂಚರ ಏಳನೆಯ ಸ್ವರವನ್ನೂ ಕನ್ನಡದಲ್ಲಿ ಒಂದೇ ರೀತಿ ‘ಸಿ’ ಎಂದು ಬರೆಯುತ್ತೇವೆ. ಒಂದು ಸ್ಥಾನ 1, ಇನ್ನೊಂದು ಸ್ಥಾನ 12. ಸ್ಥಾಯಿಯ ಆ ತುದಿಗೆ ಒಂದು, ಈ ತುದಿಗೆ ಇನ್ನೊಂದು! ಅದಕ್ಕೇ ಈ ಲೇಖನದಲ್ಲಿ ಅಕ್ಷರವನ್ನು ‘ಸಿ’ ಎಂದೂ ಪದಾಂಶವನ್ನು ‘ಸೀ’ ಎಂದೂ ಬರೆದಿದ್ದೇನೆ. ನಿಮ್ಮ ನೋಟ್‌ಬುಕ್ಕಿನಲ್ಲೂ ಹಾಗೇ ಮಾಡಿ. ರಷ್ಯನ್ ಹಾಳೆಯ ‘ಸಿ ಬೆಮೋಲ್’ ನಿಜಕ್ಕೂ ‘ಸೀ ಬೆಮೋಲ್’. ಅದು ಸ್ಥಾನ 11, ಇಂಗ್ಲಿಷಿನ ಬಿ ಫ್ಲ್ಯಾಟ್, ಅಂದರೆ ಒಂದು ಸ್ಥಾನ ಇಳಿದ ಬಿ.

ಎರಡನೆಯ ಗುಂಡಿ, ಸರಿಗಮದ ಜೊತೆಗಿನ ಸುಳ್ಳು ಹೋಲಿಕೆ. ‘ಫಾ’ ಕೇಳಿದೊಡನೆ ನಾಲಿಗೆ ‘ಪ’ದ ಕಡೆ ಜಾರುತ್ತದೆ. ಆದರೆ ದೋ ಎಂಬುದನ್ನು ಷಡ್ಜ ಎಂದಿಟ್ಟುಕೊಂಡರೆ ಫಾ ಮಧ್ಯಮ, ಸೋಲ್ ಪಂಚಮ. ಮಿ ಮಧ್ಯಮವಲ್ಲ, ಗಾಂಧಾರ. ದೋ ಧೈವತವಲ್ಲ, ಸೋಲ್ ಷಡ್ಜವಲ್ಲ. ಹೆಸರೂ ಜಾಗವೂ ನಿಜವಾಗಿ ಹೊಂದುವುದು ರೇ ಒಂದರಲ್ಲಿ ಮಾತ್ರ. ಇದನ್ನು ಬಾಯಿಪಾಠ ಮಾಡಲೇಬೇಕು, ಅಡ್ಡದಾರಿ ಇಲ್ಲ.

ಈ ಪದಾಂಶಗಳು ಎಲ್ಲಿಂದ ಬಂದವು ಎಂದು ತಿಳಿದರೆ ನೆನಪಿಡುವುದು ಸುಲಭ. 11ನೆಯ ಶತಮಾನದಲ್ಲಿ ಇಟಲಿಯ ಆರೆತ್ಸೊದ ಗ್ವೀದೊ ಎಂಬ ಸಂನ್ಯಾಸಿ ಗಾಯಕರಿಗೆ ಪಾಠ ಹೇಳಲು ಸಂತ ಜಾನರ ಮೇಲಿನ ಒಂದು ಲ್ಯಾಟಿನ್ ಸ್ತೋತ್ರವನ್ನು ಬಳಸಿದ. ಅದರ ಮೊದಲ ಆರು ತುಣುಕುಗಳು ಒಂದೊಂದು ಮೆಟ್ಟಿಲು ಮೇಲಿನ ಸ್ವರದಿಂದ ಶುರುವಾಗುತ್ತಿದ್ದವು. ಆ ತುಣುಕುಗಳ ಮೊದಲ ಉಚ್ಚಾರಗಳೇ ಉತ್, ರೇ, ಮಿ, ಫಾ, ಸೋಲ್, ಲಾ. ಏಳನೆಯ ‘ಸೀ’ ಆಮೇಲೆ ಸೇರಿತು, ಲ್ಯಾಟಿನ್ನಿನಲ್ಲಿ ಸಂತ ಜಾನರ ಹೆಸರಿನ ಮೊದಲ ಅಕ್ಷರಗಳಿಂದ. ‘ಉತ್’ ಎಂದು ಹಾಡುವುದು ಕಷ್ಟ, ಬಾಯಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ 17ನೆಯ ಶತಮಾನದ ಇಟಲಿಯಲ್ಲಿ ಅದು ‘ದೋ’ ಆಯಿತು. ಹಳೆಯ ಫ್ರೆಂಚ್ ಹಾಳೆಗಳಲ್ಲಿ ‘ಉತ್’ ಎಂದೇ ಇರುತ್ತದೆ, ಫ್ರೆಂಚರ ಬಾಯಲ್ಲಿ ಅದು ‘ಯುತ್’ ಎನ್ನುವಂತೆ ಕೇಳುತ್ತದೆ. ಕಂಡರೆ ಅದನ್ನು ಸ್ಥಾನ 1 ಎಂದೇ ಓದಿ.

ಹಂತ 3: ‘ದೋ’ ನಿಂತಿದೆಯೋ, ನಡೆಯುತ್ತಿದೆಯೋ ಕೇಳಿಕೊಳ್ಳಿ

ಅತಿ ಹೆಚ್ಚು ಜನ ಎಡವುವ ಹಂತ ಇದು, ನಿಧಾನವಾಗಿ ಓದಿ.

ಫ್ರಾನ್ಸ್, ಇಟಲಿ, ಸ್ಪೇನ್, ರಷ್ಯಾಗಳಲ್ಲಿ ದೋ ಎಂದರೆ ಯಾವಾಗಲೂ ಸ್ಥಾನ 1. ಹಾಡು ಯಾವ ಶ್ರುತಿಯಲ್ಲಿದ್ದರೂ ಅದು ಕದಲುವುದಿಲ್ಲ. ಇದನ್ನು ‘ಸ್ಥಿರ ದೋ’ ಎನ್ನೋಣ. ಅಲ್ಲಿ ಅದು ಕೇವಲ ಇಂಗ್ಲಿಷಿನ ‘ಸಿ’ ಎಂಬ ಅಕ್ಷರಕ್ಕೆ ಇನ್ನೊಂದು ಹೆಸರು.

ಇಂಗ್ಲಿಷ್ ಮಾತಾಡುವ ದೇಶಗಳ ಶಾಲೆಗಳಲ್ಲಿ ಮತ್ತು ಹಂಗೇರಿಯ ಕೊದಾಯ್ ಪದ್ಧತಿಯಲ್ಲಿ ದೋ ನಡೆಯುತ್ತದೆ. ಹಾಡು ಯಾವ ಶ್ರುತಿಯಲ್ಲಿದೆಯೋ ಅದರ ಆಧಾರ ಸ್ವರವೇ ದೋ. ಇದು ‘ಚಲ ದೋ’. ಸರಿಗಮ ಕಲಿತವರಿಗೆ ಇದು ಸಹಜವಾಗಿ ಹತ್ತುತ್ತದೆ, ಯಾಕೆಂದರೆ ನಮ್ಮ ಷಡ್ಜವೂ ಹಾಡುವವರ ಶ್ರುತಿಯ ಜೊತೆ ನಡೆಯುವಂಥದ್ದೇ. ಷಡ್ಜವನ್ನು ಅಳಿಸಲಾಗದಂತೆ ಸ್ಥಾನ 1ಕ್ಕೆ ಕಟ್ಟಿಹಾಕುವ ಪಟ್ಟಿಗಳು ಎಲ್ಲೆಡೆ ಸಿಗುತ್ತವೆ. ದಯವಿಟ್ಟು ಅವನ್ನು ಒಂದು ಉದಾಹರಣೆ ಎಂದು ಮಾತ್ರ ನೋಡಿ.

ಎರಡನ್ನೂ ಬೇರ್ಪಡಿಸಲು ಒಂದು ಸುಲಭ ಗುರುತಿದೆ: ಏಳನೆಯ ಸ್ವರದ ಹೆಸರು. ಅದು ‘ಟಿ’ ಎಂದಿದ್ದರೆ ಬಹುಮಟ್ಟಿಗೆ ಚಲ ದೋ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಾರಾ ಗ್ಲೋವರ್ ಎಂಬ ಶಿಕ್ಷಕಿ, ಪ್ರತಿ ಸ್ವರವೂ ಬೇರೆ ಅಕ್ಷರದಿಂದ ಶುರುವಾಗಲಿ ಎಂದು ‘ಸೀ’ಯನ್ನು ‘ಟಿ’ ಮಾಡಿದರು. ಜಾನ್ ಕರ್ವೆನ್ ಆ ಪದ್ಧತಿಯನ್ನು ಬೆಳೆಸಿ ಹರಡಿದರು. ‘ಸೀ’ ಎಂದೇ ಇದ್ದರೆ ಬಹುಮಟ್ಟಿಗೆ ಸ್ಥಿರ ದೋ.

ಎಚ್ಚರಿಕೆ: ಪಾಶ್ಚಾತ್ಯ ಸಂಗೀತದ ಎರಡು ಮುಖ್ಯ ಸ್ವರಶ್ರೇಣಿಗಳು ಮೇಜರ್ ಮತ್ತು ಮೈನರ್. ಚಲ ದೋ ಪದ್ಧತಿಯಲ್ಲಿ ಮೈನರ್ ಹಾಡುಗಳನ್ನು ಹಲವರು ‘ಲಾ’ದಿಂದ ಶುರು ಮಾಡುತ್ತಾರೆ. ಲಾ, ಟಿ, ದೋ, ರೇ, ಮಿ, ಫಾ, ಸೋ, ಲಾ. ಇಲ್ಲಿ ಆಧಾರ ಸ್ವರ ಲಾ. ಸರಿಗಮದಲ್ಲಿ ಆಧಾರ ಎಂದೆಂದಿಗೂ ಷಡ್ಜವೇ. ಹಾಗಾಗಿ ಇಲ್ಲಿ ‘ಲಾ’ವನ್ನು ಷಡ್ಜ ಎಂದು ಓದಬೇಕು. ಆಗ ಸಿಗುವುದು ನಟಭೈರವಿಯ ಸ್ವರಗಳು. ‘ದೋ’ವನ್ನು ಷಡ್ಜ ಎಂದುಕೊಂಡರೆ ಮೇಳವೇ ಬದಲಾಗಿ ಶಂಕರಾಭರಣಕ್ಕೆ ಹೋಗುತ್ತೀರಿ.

ಚೀನಾದ ಅಂಕಿ ನೊಟೇಶನ್ ಕೂಡ ಚಲ ಪದ್ಧತಿಯದ್ದೇ. ಹಾಳೆಯ ಮೇಲ್ತುದಿಯಲ್ಲಿ ‘1 = ಡಿ’ ಎಂದಿದ್ದರೆ ಆ ಹಾಡಿನ 1 ಎಂಬುದು ನಮ್ಮ ಸ್ಥಾನ 3. ಅಂಕಿಯ ಮೇಲೆ ಚುಕ್ಕೆ ಇದ್ದರೆ ತಾರ, ಕೆಳಗಿದ್ದರೆ ಮಂದ್ರ, ನಮ್ಮ ಸ್ವರಲಿಪಿಯಂತೆಯೇ. ಸೊನ್ನೆ ಎಂದರೆ ಮೌನ. ಅಲ್ಲಿ ಮೈನರ್ ಹಾಡಿನ ಆಧಾರ 6.

ಹಂತ 4: ಬಿ ಮತ್ತು ಎಚ್ ಜಗಳ ಬಗೆಹರಿಸಿ

ಜರ್ಮನಿ, ಆಸ್ಟ್ರಿಯಾ, ಪೋಲೆಂಡ್, ಚೆಕ್ ನಾಡು, ಹಂಗೇರಿ, ಫಿನ್ಲೆಂಡ್ ಮುಂತಾದೆಡೆ ಸ್ಥಾನ 12ರ ಹೆಸರು ಎಚ್. ‘ಬಿ’ ಎಂಬ ಹೆಸರು ಸ್ಥಾನ 11ಕ್ಕೆ ಸೇರುತ್ತದೆ, ಅಂದರೆ ಇಂಗ್ಲಿಷಿನವರ ಬಿ ಫ್ಲ್ಯಾಟ್‌ಗೆ. ಉಳಿದ ಆರು ಬಿಳಿ ಮನೆಗಳ ಅಕ್ಷರಗಳು ಇಂಗ್ಲಿಷಿನಂತೆಯೇ ಇವೆ. ಡಚ್ ಭಾಷೆ ಜರ್ಮನ್ನಿಗೆ ಹತ್ತಿರವಾದರೂ ಅಲ್ಲಿ ಬಿ ಎಂದರೆ 12, ‘ಬೆಸ್’ ಎಂದರೆ 11.

ಇದರ ಬೇರು ಮಧ್ಯಯುಗದಲ್ಲಿದೆ. ಆಗಿನ ಯುರೋಪಿನ ಸ್ವರಪಟ್ಟಿಯಲ್ಲಿ ಎರಡು ಎತ್ತರ ಇದ್ದ ಅಕ್ಷರ ಬಿ ಒಂದೇ. ಕೆಳಗಿನದನ್ನು ದುಂಡಗೆ ಬರೆದು ‘ಮೃದು ಬಿ’ ಎಂದರು, ಮೇಲಿನದನ್ನು ಚೌಕವಾಗಿ ಬರೆದು ‘ಗಡಸು ಬಿ’ ಎಂದರು. ದುಂಡು ಬಿ ಇವತ್ತಿನ ಫ್ಲ್ಯಾಟ್ ಚಿಹ್ನೆಯಾಯಿತು. ‘ಬೆಮೋಲ್’ ಎಂಬ ಪದದಲ್ಲೇ ‘ಮೃದು ಬಿ’ ಅಡಗಿದೆ. ಚೌಕ ಬಿ ನೋಡಲು ಎಚ್‌ನಂತಿತ್ತು, ಜರ್ಮನರಲ್ಲಿ ಎಚ್ ಎಂದೇ ಉಳಿಯಿತು. ಗಡಸು, ಮೃದು ಎಂಬ ಅದೇ ಜೋಡಿಯಿಂದ ಜರ್ಮನ್ನಿನ ‘ಡೂರ್’ (ಮೇಜರ್) ಮತ್ತು ‘ಮೊಲ್’ (ಮೈನರ್) ಬಂದಿವೆ.

ಇದನ್ನು ಗಮನಿಸದಿದ್ದರೆ ಎಷ್ಟು ದೂರ ದಾರಿ ತಪ್ಪಬಹುದು ನೋಡಿ. ಪೋಲೆಂಡಿನ ಸಂಗೀತಕಾರ ಶೋಪಾನ್‌ರ ಎರಡನೆಯ ಪಿಯಾನೊ ಸೊನಾಟಾ, ಓಪಸ್ 35, ಪೋಲಿಷ್ ಮತ್ತು ಜರ್ಮನ್ ಪಟ್ಟಿಗಳಲ್ಲಿ ‘ಬಿ ಮೊಲ್’. ಮೂರನೆಯದು, ಓಪಸ್ 58, ‘ಎಚ್ ಮೊಲ್’. ಇಂಗ್ಲಿಷ್ ಪಟ್ಟಿಯಲ್ಲಿ ‘ಬಿ ಮೈನರ್’ ಎಂದರೆ ಓಪಸ್ 58! ‘ಬಿ’ ನೋಡಿ ನೊಟೇಶನ್ ತರಿಸಿದವರ ಕೈಗೆ ಬೇರೆಯೇ ಕೃತಿ ಬರುತ್ತದೆ. ಕೃತಿ ತರಿಸುವಾಗ ಶ್ರುತಿಯ ಹೆಸರಿಗಿಂತ ಓಪಸ್ ನಂಬರನ್ನು, ಅಂದರೆ ಕೃತಿಯ ಕ್ರಮಸಂಖ್ಯೆಯನ್ನು ನಂಬಿ. ವಾದ್ಯಕ್ಕೂ ಇದೇ ಮಾತು: ಜರ್ಮನ್ ಹಾಳೆಯ ‘ಬಿ ಕ್ಲಾರಿನೆಟ್’ ಎಂದರೆ ಎಲ್ಲರಿಗೂ ಪರಿಚಿತವಾದ ಬಿ ಫ್ಲ್ಯಾಟ್ ಕ್ಲಾರಿನೆಟ್ಟೇ.

ಗಿಟಾರಿನ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಹಾಳೆಗಳಲ್ಲಿ ಗೊಂದಲ ಇನ್ನೂ ಹೆಚ್ಚು, ಏಕೆಂದರೆ ಒಂದೇ ದೇಶದಲ್ಲಿ ಇಬ್ಬರು ಎರಡು ರೀತಿ ಬರೆಯುತ್ತಾರೆ. ನಾನು ಮಾಡುವ ಪರೀಕ್ಷೆ ಹೀಗಿದೆ. ಹಾಳೆಯಲ್ಲಿ ಎಲ್ಲಿಯಾದರೂ ಎಚ್ ಇದೆಯೇ ನೋಡಿ, ಇದ್ದರೆ ಅಲ್ಲಿನ ಬಿ ಸ್ಥಾನ 11. ಎಚ್ ಇಲ್ಲದೆ ಬಿ ಪಕ್ಕ ಫ್ಲ್ಯಾಟ್ ಚಿಹ್ನೆ ಕಂಡರೆ ಅದು ಇಂಗ್ಲಿಷ್ ಪದ್ಧತಿ, ಬರೀ ಬಿ ಸ್ಥಾನ 12. ಎರಡೂ ಇಲ್ಲದಿದ್ದರೆ ಜೊತೆಯ ಕಾರ್ಡುಗಳನ್ನು ನೋಡಿ. ಎಫ್ ಮೇಜರ್, ಸಿ, ಡಿ ಮೈನರ್‌ಗಳ ನಡುವೆ ಬಿ ಮೇಜರ್ ಬಂದರೆ ಅದು 11 ಆಗಿರುವ ಸಂಭವವೇ ಹೆಚ್ಚು. ಜಿ, ಡಿ, ಎ ಮೇಜರ್‌ಗಳ ನಡುವೆ ಬಿ ಮೈನರ್ ಬಂದರೆ 12. ಕೊನೆಗೆ ಎರಡನ್ನೂ ನುಡಿಸಿ ನೋಡಿ. ತಪ್ಪಾದದ್ದು ಕಿವಿಗೆ ತಕ್ಷಣ ಚುಚ್ಚುತ್ತದೆ.

ಅಂದಹಾಗೆ, ಬಿ, ಎ, ಸಿ, ಎಚ್ ಎಂದು ಜರ್ಮನ್ ರೀತಿಯಲ್ಲಿ ನುಡಿಸಿ: 11, 10, 1, 12 (1 ಅನ್ನು ಮೇಲಿನ ಸ್ಥಾಯಿಯಲ್ಲಿ, 12ರ ಪಕ್ಕದಲ್ಲೇ ಹಿಡಿಯಿರಿ). ಜರ್ಮನ್ ಸಂಗೀತಕಾರ ಬಾಖ್ ತಮ್ಮ ಹೆಸರಿನ ಅಕ್ಷರಗಳನ್ನೇ ಹೀಗೆ ಸ್ವರವಾಗಿಸಿದ್ದರು. ಇಂಗ್ಲಿಷ್ ಹೆಸರುಗಳಲ್ಲಿ ಇದು ಸಾಧ್ಯವೇ ಇಲ್ಲ.

ಹಂತ 5: ಏರಿಸುವ, ಇಳಿಸುವ ಪದಗಳನ್ನು ಕಲಿಯಿರಿ

ಶಾರ್ಪ್ ಎಂದರೆ ಒಂದು ಸ್ಥಾನ ಮೇಲೆ, ಫ್ಲ್ಯಾಟ್ ಎಂದರೆ ಒಂದು ಸ್ಥಾನ ಕೆಳಗೆ. ಶಾರ್ಪ್‌ಗೆ ಫ್ರೆಂಚ್ ಮತ್ತು ರಷ್ಯನ್ನಿನಲ್ಲಿ ‘ದಿಯೆಜ್’, ಇಟಾಲಿಯನ್ನಿನಲ್ಲಿ ‘ದಿಯೇಸಿಸ್’, ಸ್ಪ್ಯಾನಿಷಿನಲ್ಲಿ ‘ಸೊಸ್ತೆನೀದೊ’. ಫ್ಲ್ಯಾಟ್‌ಗೆ ಈ ಭಾಷೆಗಳಲ್ಲೆಲ್ಲ ‘ಬೆಮೋಲ್’ ಅಥವಾ ಅದರ ಹತ್ತಿರದ ರೂಪ. ಗ್ರೀಕಿನಲ್ಲಿ ಮಾತ್ರ ಫ್ಲ್ಯಾಟ್‌ಗೆ ‘ಈಫೆಸಿ’ ಎಂಬ ಬೇರೆಯೇ ಪದ. ಏರಿಕೆ ಇಳಿಕೆಯನ್ನು ರದ್ದು ಮಾಡುವ ಚಿಹ್ನೆಗೆ ಫ್ರೆಂಚ್, ರಷ್ಯನ್ ಎರಡರಲ್ಲೂ ‘ಬೆಕಾರ್’.

ಜರ್ಮನರು ಪದ ಸೇರಿಸುವುದಿಲ್ಲ, ಬಾಲ ಅಂಟಿಸುತ್ತಾರೆ. ಏರಿಸಲು ‘ಇಸ್’: ಫಿಸ್ 7, ಗಿಸ್ 9. ಇಳಿಸಲು ‘ಎಸ್’: ಡೆಸ್ 2, ಗೆಸ್ 7. ಇ, ಎ ಎರಡಕ್ಕೂ ಬಾಲ ಮೊಟಕಾಗುತ್ತದೆ, ‘ಎಸ್’ ಎಂದರೆ 4, ‘ಆಸ್’ ಎಂದರೆ 9. ಎಚ್ ಇಳಿದರೆ ಏನಾಗುತ್ತದೆ ಎಂದು ಈಗಾಗಲೇ ಗೊತ್ತಿದೆ, ಬಿ.

ಎಚ್ಚರಿಕೆ: ಜರ್ಮನ್ ಶಿಕ್ಷಕರ ವಿಡಿಯೊ ಕೇಳುವಾಗ ಅಕ್ಷರಗಳ ಉಚ್ಚಾರ ಮೋಸ ಮಾಡುತ್ತದೆ. ಅವರ ‘ಏ’ ಎಂದರೆ ಇ ಅಕ್ಷರ, ಸ್ಥಾನ 5. ಅವರ ‘ಆ’ ಎಂದರೆ ಎ ಅಕ್ಷರ, ಸ್ಥಾನ 10. ‘ಗೇ’ ಎಂದರೆ ಜಿ, ‘ಹಾ’ ಎಂದರೆ ಎಚ್. ‘ಏ’ ಕೇಳಿ ಇಂಗ್ಲಿಷಿನ ಎ ಒತ್ತುವವರೇ ಹೆಚ್ಚು.

ಇನ್ನೊಂದು ಸಂಗತಿ. ಜರ್ಮನ್ ಹಾಳೆಗಳಲ್ಲಿ ಶ್ರುತಿಯ ಅಕ್ಷರ ದೊಡ್ಡದಾಗಿದ್ದರೆ ಮೇಜರ್, ಚಿಕ್ಕದಾಗಿದ್ದರೆ ಮೈನರ್. ಕಾಪಿ ಮಾಡುವಾಗ ದೊಡ್ಡ, ಚಿಕ್ಕ ಅಕ್ಷರಗಳನ್ನು ಹಾಗೇ ಉಳಿಸಿಕೊಳ್ಳಿ.

ಹಂತ 6: ಬೇರೆ ವರ್ಣಮಾಲೆಗಳು ಬಂದಾಗ

ಜಪಾನಿಯರು ಇಂಗ್ಲಿಷಿನ ಎ, ಬಿ, ಸಿ ಕ್ರಮವನ್ನು ತಮ್ಮ ಹಳೆಯ ಅಕ್ಷರಕ್ರಮಕ್ಕೆ ಹೊಂದಿಸಿದರು. ಪ್ರತಿ ಅಕ್ಷರವೂ ಒಂದೊಂದೇ ಸಲ ಬರುವ ಒಂದು ಪ್ರಾಚೀನ ಪದ್ಯದಿಂದ ಬಂದ ಕ್ರಮ ಅದು: ಇ, ರೊ, ಹ, ನಿ, ಹೊ, ಹೆ, ತೊ. ಆದ್ದರಿಂದ ಇ 10, ರೊ 12, ಹ 1, ನಿ 3, ಹೊ 5, ಹೆ 6, ತೊ 8. ಕೊರಿಯನ್ನರೂ ತಮ್ಮ ವರ್ಣಮಾಲೆಯನ್ನೇ ಬಳಸಿದರು: ಗ 10, ನ 12, ದ 1, ರ 3, ಮ 5, ಬ 6, ಸ 8. ಎರಡೂ ಕಡೆ ಹಾಡುವಾಗ ದೋ ರೇ ಮಿ ಎನ್ನುತ್ತಾರೆ. ಈ ದೇಶೀ ಹೆಸರುಗಳು ಹೆಚ್ಚಾಗಿ ಕಾಣುವುದು ಕೃತಿಯ ಶ್ರುತಿಯನ್ನು ಹೇಳುವಾಗ.

ಗ, ಮ, ಸ, ನಿ ನೋಡಿ ಹಿಗ್ಗಬೇಡಿ! ಕೊರಿಯನ್ ‘ಸ’ ಷಡ್ಜವಲ್ಲ, ಜಪಾನಿ ‘ನಿ’ ನಿಷಾದವಲ್ಲ. ಗ್ರೀಕ್ ಚರ್ಚಿನ ಬೈಜಾಂಟೈನ್ ಸಂಗೀತದಲ್ಲೂ ಪಾ, ವೂ, ಗಾ, ಧಿ, ಕೆ, ಜೋ, ನಿ ಎಂಬ ಹೆಸರುಗಳಿವೆ. ಅವುಗಳಲ್ಲಿ ಗ್ರೀಕ್ ವರ್ಣಮಾಲೆಯ ಮೊದಲ ಏಳು ಅಕ್ಷರಗಳು ಹುದುಗಿವೆ. ಅಲ್ಲಿ ಪಾ ಸುಮಾರಾಗಿ ಸ್ಥಾನ 3, ಗಾ 6, ನಿ 1. ಸರಿಗಮದೊಂದಿಗೆ ಸಂಬಂಧವೇ ಇಲ್ಲ.

ಜಪಾನಿ, ಕೊರಿಯನ್ ಎರಡರಲ್ಲೂ ಶಾರ್ಪ್, ಫ್ಲ್ಯಾಟ್ ಸೂಚಿಸುವ ಪದ ಸ್ವರಕ್ಕಿಂತ ಮುಂಚೆ ಬರುತ್ತದೆ. ಜಪಾನಿಯಲ್ಲಿ ‘ಎಯ್’ ಏರಿಕೆ, ‘ಹೆನ್’ ಇಳಿಕೆ. ಕೊರಿಯನ್ನಿನಲ್ಲಿ ‘ಒಲ್ಲಿಂ’ ಏರಿಕೆ, ‘ನೇರಿಂ’ ಇಳಿಕೆ.

ಅರಬ್ ಸಂಗೀತದ ದೂಗಾ, ಸೀಗಾ, ಚಹಾರ್ಗಾ ಎಂಬ ಹೆಸರುಗಳು ಪಾರ್ಸಿಯ ಎರಡು, ಮೂರು, ನಾಲ್ಕು ಎಂಬ ಅಂಕಿಗಳಿಂದ ಬಂದಿವೆ, ‘ಗಾ’ ಎಂದರೆ ಸ್ಥಾನ. ಇವನ್ನು ನಮ್ಮ 12 ಸ್ಥಾನಗಳಿಗೆ ಬಲವಂತವಾಗಿ ತುರುಕಬೇಡಿ, ಸೀಗಾ ಬೀಳುವುದು 4 ಮತ್ತು 5ರ ನಡುವೆ. ಜಾವಾದ ಗಮೆಲಾನ್ ವಾದ್ಯಮೇಳದ ಅಂಕಿಗಳಿಗೂ ಅಷ್ಟೆ, ಅವುಗಳ ಶ್ರುತಿ ನಮ್ಮ ಕೀಬೋರ್ಡಿನದ್ದಲ್ಲ.

ಹಂತ 7: ಸರಿಗಮಕ್ಕೆ ತನ್ನಿ

ಈಗ ಷಡ್ಜ ಯಾವ ಸ್ಥಾನದಲ್ಲಿದೆ ಎಂದು ನಿರ್ಧರಿಸಿ. ಸ್ವರದ ಸ್ಥಾನದಿಂದ ಷಡ್ಜದ ಸ್ಥಾನವನ್ನು ಕಳೆಯಿರಿ. ಉತ್ತರ ಸೊನ್ನೆಗಿಂತ ಕಡಿಮೆ ಬಂದರೆ 12 ಕೂಡಿ. ಬಂದ ಉತ್ತರವನ್ನು ಹೀಗೆ ಓದಿ:

0 ಷಡ್ಜ
1 ಶುದ್ಧ ರಿಷಭ
2 ಚತುಶ್ರುತಿ ರಿಷಭ ಅಥವಾ ಶುದ್ಧ ಗಾಂಧಾರ
3 ಷಟ್‌ಶ್ರುತಿ ರಿಷಭ ಅಥವಾ ಸಾಧಾರಣ ಗಾಂಧಾರ
4 ಅಂತರ ಗಾಂಧಾರ
5 ಶುದ್ಧ ಮಧ್ಯಮ
6 ಪ್ರತಿ ಮಧ್ಯಮ
7 ಪಂಚಮ
8 ಶುದ್ಧ ಧೈವತ
9 ಚತುಶ್ರುತಿ ಧೈವತ ಅಥವಾ ಶುದ್ಧ ನಿಷಾದ
10 ಷಟ್‌ಶ್ರುತಿ ಧೈವತ ಅಥವಾ ಕೈಶಿಕಿ ನಿಷಾದ
11 ಕಾಕಲಿ ನಿಷಾದ

ಉದಾಹರಣೆಗೆ, ರಷ್ಯನ್ ಹಾಳೆಯಲ್ಲಿ ಶ್ರುತಿ ‘ಸೀ ಬೆಮೋಲ್ ಮಿನೋರ್’ ಎಂದಿದೆ, ಹಾಡಿನಲ್ಲಿ ‘ರೇ ಬೆಮೋಲ್’ ಬರುತ್ತದೆ. ಷಡ್ಜ 11, ರೇ ಬೆಮೋಲ್ 2. 2ರಿಂದ 11 ಕಳೆದರೆ ಸೊನ್ನೆಗಿಂತ 9 ಕಡಿಮೆ, 12 ಕೂಡಿದರೆ 3. ಮೈನರ್ ಹಾಡಾದ್ದರಿಂದ ಅದು ಸಾಧಾರಣ ಗಾಂಧಾರ. ಅದೇ ಹಾಳೆಯ ‘ಫಾ’ ಲೆಕ್ಕ ಹಾಕಿ: 6ರಿಂದ 11 ಕಳೆದು 12 ಕೂಡಿದರೆ 7, ಪಂಚಮ. ಫಾ ಯಾವ ಸ್ವರ ಎಂಬುದಕ್ಕೆ ಷಡ್ಜ ಗೊತ್ತಾಗದೆ ಉತ್ತರವಿಲ್ಲ ಎನ್ನುವುದು ಇದಕ್ಕೇ.

ಎಚ್ಚರಿಕೆ: ‘ಶುದ್ಧ’ ಎಂಬ ಪದ ಕರ್ನಾಟಕ, ಹಿಂದೂಸ್ತಾನಿ ಎರಡರಲ್ಲೂ ಇದೆ, ಅರ್ಥ ಬೇರೆ. ಹಿಂದೂಸ್ತಾನಿಯ ಶುದ್ಧ ರೇ 2, ಶುದ್ಧ ಗ 4, ಶುದ್ಧ ಧ 9, ಶುದ್ಧ ನಿ 11. ಕೋಮಲ ಎಂದರೆ ಅದರಿಂದ ಒಂದು ಕೆಳಗೆ. ಹಾಗಾಗಿ ಕರ್ನಾಟಕದ ಶುದ್ಧ ರಿಷಭ ಅವರ ಕೋಮಲ ರೇ. ಶುದ್ಧ ಮಧ್ಯಮ ಒಂದೇ ಎರಡೂ ಕಡೆ ಹೊಂದುತ್ತದೆ. ಪ್ರತಿ ಮಧ್ಯಮ ಅಲ್ಲಿ ತೀವ್ರ ಮ.

ಈ ಲೆಕ್ಕ ಕೊಡುವುದು ಸ್ವರದ ಜಾಗವನ್ನು ಮಾತ್ರ. ರಾಗದಲ್ಲಿ ಆ ಸ್ವರ ಹೇಗೆ ಅಲುಗಬೇಕು, ಎಲ್ಲಿ ನಿಲ್ಲಬೇಕು ಎಂಬುದು ಯಾವ ಭಾಷೆಯ ಹೆಸರಿನಲ್ಲೂ ಇಲ್ಲ, ಅದನ್ನು ಗುರುಗಳ ಬಾಯಿಂದಲೇ ಕೇಳಬೇಕು.

ಹಂತ 8: ಸ್ಥಾಯಿಯ ನಂಬರು ನೋಡಿ

ಹೆಸರಿನ ಜೊತೆ ಅಂಕಿ ಇದ್ದರೆ ಅದು ಸ್ಥಾಯಿ. ಪಿಯಾನೊದ ನಡುವಿನ ಸಿ, ಸುಮಾರು 261.6 ಹರ್ಟ್ಸ್, ಇಂಗ್ಲಿಷ್ ಬರಹಗಳಲ್ಲಿ ‘ಸಿ 4’, ಫ್ರೆಂಚಿನಲ್ಲಿ ‘ದೋ 3’. 440 ಹರ್ಟ್ಸ್‌ನ ಸ್ವರ ಅಲ್ಲಿ ‘ಎ 4’, ಇಲ್ಲಿ ‘ಲಾ 3’. ಕೆಲವು ಕೀಬೋರ್ಡ್ ತಯಾರಕರು ಇಂಗ್ಲಿಷಿನಲ್ಲೇ ನಡುವಿನ ಸಿಯನ್ನು ‘ಸಿ 3’ ಎನ್ನುತ್ತಾರೆ, ಅಂಥ ಕಡೆ ಇಡೀ ಹಾಡು ಒಂದು ಸ್ಥಾಯಿ ಮೇಲೆ ಅಥವಾ ಕೆಳಗೆ ಕೇಳುತ್ತದೆ. ಅಂಕಿ ಬದಲಾಗುವುದು ಸ್ಥಾನ 1ರಲ್ಲಿ, ಎ ಅಕ್ಷರದಲ್ಲಲ್ಲ. ‘ಸಿ 4’ರ ಪಕ್ಕದ ಕೆಳಗಿನ ಮನೆ ‘ಬಿ 3’.

ಕೊನೆಯದಾಗಿ, ನಿಮ್ಮ ಟ್ಯೂನರ್ ಆ್ಯಪ್ ಯಾವ ಭಾಷೆ ಮಾತಾಡುತ್ತಿದೆ ಎಂದು ತಿಳಿಯಲು 12 ಮತ್ತು 11 ಎರಡನ್ನೂ ಒತ್ತಿ ನೋಡಿ. 12ಕ್ಕೆ ‘ಎಚ್’, 11ಕ್ಕೆ ‘ಬಿ’ ಬಂದರೆ ಅದು ಜರ್ಮನ್ ಸೆಟ್ಟಿಂಗ್‌ನಲ್ಲಿದೆ. 12ಕ್ಕೆ ‘ಬಿ’ ಬಂದರೆ ಇಂಗ್ಲಿಷ್. 12ಕ್ಕೆ ‘ಸೀ’ ಬಂದರೆ ಸ್ಥಿರ ದೋ. ಹಲವು ಆ್ಯಪ್‌ಗಳಲ್ಲಿ ಇದನ್ನು ಬದಲಿಸುವ ಸೌಲಭ್ಯ ಸೆಟ್ಟಿಂಗ್ಸ್ ಒಳಗೇ ಇರುತ್ತದೆ.